ಅಳತೆಗೆ ನಿಂತವನು

ಬಾಹಾ ಕ್ಯಾಲಿಫೋರ್ನಿಯಾದ ನಡುಬೆನ್ನಿಗೆ
ನಾವು ತಲುಪಿದಾಗ ಪೆಟ್ರೋಲಿನ ಮುಳ್ಳು
ಕೆಂಪು ಗೆರೆ ದಾಟಿ ಮಲಗಿತ್ತು.
ಬಂಕಿಗೆ ಬೀಗ, ಬೀಗಕ್ಕೂ ತುಕ್ಕು.
ಪಕ್ಕದಲ್ಲೊಂದು ನೀಲಿ ಡ್ರಮ್ಮು, ಡ್ರಮ್ಮಿಗೊಂದು ಕೊಡೆ,
ಕೊಡೆಯಡಿ ಎರ್ಮೆಲಿಂದಾ:
ಗಾಜಿನ ಜಾಡಿಯಲ್ಲಿ ಅಳೆದು ಸುರಿಯುವವಳು,
ತೊಟ್ಟೂ ಚೆಲ್ಲದೆ.

ಮರ ನೋಡಲು ಬಂದವರಾ, ಕೇಳಿದಳು.
ಮತ್ತಿನ್ಯಾಕೆ ಬರುತ್ತಾರೆ ಇಲ್ಲಿಗೆ ಯಾರಾದರೂ.

ಆ ಮರಗಳೋ,
ಯಾರೋ ಸಿಟ್ಟಿನಲ್ಲಿ ಕಿತ್ತು ತಲೆಕೆಳಗಾಗಿ
ಮತ್ತೆ ನೆಟ್ಟುಹೋದ ಮೂಲಂಗಿ.
ಮೈತುಂಬ ಕಡ್ಡಿ, ಕೊಂಬೆಯೆಂಬುದಿಲ್ಲ.
ಬಾನಿನ ದಾರಿಯಲ್ಲಿ ಏನೋ ನೆನಪಾದವರ ಹಾಗೆ
ಅರ್ಧದಲ್ಲೇ ಬಾಗಿ, ತುದಿಯನ್ನು
ನೆಲಕ್ಕೆ ಊರಿಬಿಟ್ಟಿವೆ ಕೆಲವು.
ಹೆಸರು ಸಿರಿಯೋ. ಅವರ ನುಡಿಯಲ್ಲಿ
ಇಗರ್ಜಿಯ ಉದ್ದನೆ ಮೇಣದಬತ್ತಿ.
ನನ್ನ ಕಿವಿಗೆ ಮಾತ್ರ ಅದು ಪ್ರಶ್ನೆ: ಸಿರಿಯೋ?
ಸುತ್ತ ಬಂಡೆ, ಮುಳ್ಳು, ಒಂದು ಹದ್ದಿನ ನೆರಳು.
ಹೌದೋ ಅಲ್ಲವೋ ಹೇಳಲಾರೆ.

ಮೂರು ದಿನ ತೆಗೆದೆ.
ಬೆಳಗಿನ ಓರೆಬಿಸಿಲಲ್ಲಿ,
ತಪ್ಪೆಂದು ಗೊತ್ತಿದ್ದೂ ನಡುಮಧ್ಯಾಹ್ನದಲ್ಲಿ,
ರಾತ್ರಿ, ಟ್ರೈಪಾಡಿನ ಮೇಲೆ ಕ್ಯಾಮೆರಾದ ಕಣ್ಣು
ಅರ್ಧ ಗಂಟೆ ಮುಚ್ಚದೆ,
ಚುಕ್ಕಿಗಳು ಬಳೆಚೂರುಗಳಾಗುವ ತನಕ.
ವಸುಮತಿ ಕಾರಿನ ಕಿಟಕಿಯಿಂದ ಕಾಲು ಚಾಚಿ
ಬಿಸ್ಕತ್ತು ತಿನ್ನುತ್ತ,
ಎಲ್ಲ ಒಂದೇ ಥರ ಕಾಣ್ತವಲ್ಲ ಅಂದಳು.
ನಿಜ. ಪಟದಲ್ಲಿ ಮರ ಮರವಾಗುತ್ತಿರಲಿಲ್ಲ:
ಐವತ್ತು ಅಡಿಯೋ, ಐದು ಇಂಚೋ,
ಕಿಟಕಿಕಟ್ಟೆಯ ಕುಂಡದ್ದೋ, ಯಾರು ಹೇಳಬೇಕು?
ಅಳತೆಗೊಬ್ಬ ಮನುಷ್ಯ ಬೇಕು.

ಮುರುಕು ಸ್ಪ್ಯಾನಿಷ್‌ನಲ್ಲಿ ಎರ್ಮೆಲಿಂದಾಳನ್ನು ಕೇಳಿದೆ.
ಜಾಡಿ ಕೆಳಗಿಟ್ಟಳು, ಲಂಗಕ್ಕೆ ಕೈ ಒರೆಸಿಕೊಂಡಳು,
ನಡೆದಳು. ನಾನು ಆರಿಸಿದ ಮರಕ್ಕಲ್ಲ,
ಆಚೆಯ, ಸೊಟ್ಟ, ಎರಡು ಕವಲಿನದಕ್ಕೆ.

"ಇಲ್ಲೇ ನಿಂತಿದ್ದ ನನ್ನ ಫೌಸ್ತೀನೊ.
ನಿನ್ನ ಹಾಗೇ ಒಬ್ಬ ಬಂದಿದ್ದ, ಹಸಿರು ವ್ಯಾನು,
ಕೊರಳಿಗೆ ಎರಡು ಕ್ಯಾಮೆರಾ.
ಅಳತೆಗೆ ನಿಲ್ಲು ಅಂದ. ಇವನು ಹ್ಯಾಟು ತೆಗೆದು ನಿಂತ.
ಹಾಕಿಕೋ ಅಂದ. ಹಾಕಿಕೊಂಡ.
ಕಳಿಸುತ್ತೇನೆ ಅಂತ ವಿಳಾಸ ಬರೆದುಕೊಂಡು ಹೋದ.
ವಿಳಾಸವೇನು ಮಣ್ಣು, ಒಂದು ಕಿಲೋಮೀಟರ್ ಕಲ್ಲು.
ಆಮೇಲೆ ಮೀನಿನ ಲಾರಿ ಓಡಿಸುತ್ತ ಇವನು,
ಮಂಜು ಬಿದ್ದ ಒಂದು ಬೆಳಿಗ್ಗೆ…"
ಅಂಗೈಯನ್ನು ರಸ್ತೆಯ ತಿರುವಿನಂತೆ ಬಾಗಿಸಿ
ಅಲ್ಲಿಗೇ ಬಿಟ್ಟಳು.

ಅವನದೊಂದೂ ಪಟವಿಲ್ಲ ಇವಳ ಬಳಿ.
ಯಾವುದೋ ಊರಲ್ಲಿ ಯಾರದೋ ಗೋಡೆಯ ಮೇಲೆ
ಅಥವಾ ಅಟ್ಟದ ಪೆಟ್ಟಿಗೆಯಲ್ಲಿ ಬೋರಲು ಬಿದ್ದು
ಇಪ್ಪತ್ತಾರರ ಫೌಸ್ತೀನೊ ಇನ್ನೂ ನಿಂತಿದ್ದಾನೆ,
ಹ್ಯಾಟು ಹಾಕಿಕೊಂಡು, ಉಗುರಿನಷ್ಟು.
ನೋಡಿದವರೆಲ್ಲ ಅಂದಿರುತ್ತಾರೆ:
ಅಬ್ಬಾ, ಎಂಥ ಮರ.

ನನ್ನ ಚೌಕಟ್ಟಿನಲ್ಲಿ ಅವಳೂ ಅಷ್ಟೇ ಇದ್ದಳು.
ಹೊಂದಿಸಿದೆ: ಬುಡ, ಕವಲು, ತುದಿಯ ಹಳದಿ ಹೂ,
ಮೋಡದ ಒಂದು ಚೂರು. ಎಲ್ಲ ಸರಿಯಿತ್ತು.
ಅವಳು ತುಸು ಬಲಕ್ಕೆ ಸರಿದಳು.
ಅಲ್ಲಾಡಬೇಡಿ, ಕೂಗಿದೆ.
ಅವನಿಗೆ ಜಾಗ, ಅಂದಳು.

ಲೆನ್ಸು ಬದಲಿಸಲಿಲ್ಲ. ಟ್ರೈಪಾಡು ಅಲ್ಲೇ ಬಿಟ್ಟು
ಹತ್ತಿರ ಹೋದೆ, ಇನ್ನೂ ಹತ್ತಿರ.
ಮೊದಲು ಹೂ ಹೋಯಿತು, ಆಮೇಲೆ ಕವಲು,
ಆಮೇಲೆ ಆಕಾಶವಷ್ಟೂ.
ಉಳಿದದ್ದು ಬಿಸಿಲಿಗೆ ಕಿರಿದಾದ ಎರಡು ಕಣ್ಣು,
ಪಟಕ್ಕೆ ಹಿಡಿಯದ ಪೆಟ್ರೋಲಿನ ವಾಸನೆ,
ಎಡಹೆಗಲ ಪಕ್ಕ
ಒಂದಾಳು ಅಗಲದ ಒರಟು ತೊಗಟೆ.

ರಜೆ ಮುಗಿಯುವ ಮುನ್ನಾದಿನ, ಎನ್ಸೆನಾದಾದ ಅಂಚೆ ಕಚೇರಿ.
ಗುಮಾಸ್ತ ಲಕೋಟೆಯನ್ನು ತಕ್ಕಡಿಗೆ ಹಾಕಿದ,
ಹಿಂದುಮುಂದು ತಿರುಗಿಸಿ ನೋಡಿದ.
ಮನೆ ನಂಬರು?
ಇಲ್ಲ, ಅಂದೆ.
ನೀಲಿ ಡ್ರಮ್ಮು ಅಂತ ಬರೆದುಕೊಳ್ಳಿ.